ನಕ್ಷತ್ರಲೋಕದ ಮಚವೆಗಳು

ವ್ಯಾಪಾರಿಯು ಕತೆಗೆ ಒದಗುವ ವ್ಯಕ್ತಿಯಲ್ಲವೆಂಬ ಭಾವನೆಯು ಬಹುಕಾಲದಿಂದ ನೆಲೆಗೊಂಡಿದೆ. ಅರಸನು ಯುದ್ಧಕ್ಕೆ ಹೊರಡುತ್ತಾನೆ, ಋಷಿಯು ತಪಸ್ಸಿಗೆ ಕೂಡುತ್ತಾನೆ, ಪ್ರಣಯಿಯು ವಿರಹದಿಂದ ಬೇಯುತ್ತಾನೆ. ವ್ಯಾಪಾರಿಯಾದರೋ ಲೆಕ್ಕ ಬರೆಯುತ್ತಾನೆ. ಲೆಕ್ಕದ ಪುಸ್ತಕದಲ್ಲಿ ರಸವೆಲ್ಲಿಯದು ಎಂದು ಕೇಳುವವರಿದ್ದಾರೆ. ಆದರೆ ಅಯ್ಯಾವೊಳೆಯ ಐನೂರ್ವರ ಶಾಸನಗಳನ್ನು ನೋಡಿದವರು ಹೀಗೆ ಕೇಳಲಾರರು. ನಾಡುನಾಡುಗಳನ್ನು ಸುತ್ತಿ ಕುದುರೆ, ಮುತ್ತು, ಚಂದನ, ಕರ್ಪೂರ, ಏಲಕ್ಕಿಗಳನ್ನು ಮಾರಿದ ಆ ವರ್ತಕರು ತಮ್ಮ ಸಾಹಸವನ್ನು ಅರಸರ ಪ್ರಶಸ್ತಿಗೆ ಕಡಿಮೆಯಾಗದಂತೆ ಕಲ್ಲಿನಲ್ಲಿ ಕೆತ್ತಿಸಿದರು. ಸರಕನ್ನು ಹೊತ್ತು ಅಪರಿಚಿತವಾದ ಊರಿಗೆ ಹೋಗುವವನ ಎದೆಯಲ್ಲಿ ಅಂಜಿಕೆ, ಆಸೆ, ಚಾತುರ್ಯ, ಅಭಿಮಾನ ಇವೆಲ್ಲವೂ ಇರುತ್ತವೆಂಬುದಕ್ಕೆ ಆ ಶಾಸನಗಳೇ ಸಾಕ್ಷಿ.

ಇದೇ ವರ್ತಕನು ಆಂಗ್ಲಭಾಷೆಯ ವಿಜ್ಞಾನಕಥೆಗಳಲ್ಲಿ ಬೇರೊಂದು ವೇಷದಿಂದ ರಂಗಕ್ಕೆ ಬಂದು ಎಂಬತ್ತು ವರ್ಷಗಳು ಸಂದಿವೆ. ಆ ಕತೆಗಳ ಚೌಕಟ್ಟು ಸಾಮಾನ್ಯವಾಗಿ ಹೀಗಿರುತ್ತದೆ: ಮಾನವನು ಭೂಮಿಯನ್ನು ದಾಟಿ ಅನೇಕ ನಕ್ಷತ್ರಗಳ ಗ್ರಹಗಳಲ್ಲಿ ನೆಲಸಿದ್ದಾನೆ. ಶ್ರೀಮಂತ ಗ್ರಹಗಳ ನಡುವೆ ದೊಡ್ಡ ಕಂಪನಿಗಳ ಭಾರೀ ನೌಕೆಗಳು ಗೊತ್ತಾದ ವೇಳೆಗೆ ಓಡಾಡುತ್ತವೆ. ಆ ನೌಕೆಗಳಿಗೆ ಲಾಭವಿಲ್ಲದ ಮೂಲೆಯ ಗ್ರಹಗಳಿಗೆ ಒಂದು ಸಣ್ಣ ಹಡಗು ಹೋಗುತ್ತದೆ. ಅದರಲ್ಲಿ ಇರುವವರು ಹತ್ತು ಹನ್ನೆರಡು ಜನ, ಯಂತ್ರ ಹಳೆಯದು, ತಲೆಯ ಮೇಲೆ ತೀರದ ಸಾಲ, ಒಡೆಯನು ಆ ಹಡಗಿನೊಳಗೇ ಇರುವ ನಾಯಕ. ಇವನನ್ನು ಆ ಲೇಖಕರು ‘ಸ್ವತಂತ್ರ ವರ್ತಕ’ನೆಂದು ಕರೆಯುತ್ತಾರೆ. 1977ರ ಒಂದು ಅಮೇರಿಕದ ಚಲಚ್ಚಿತ್ರದಲ್ಲಿ ಬಂದ ಕಳ್ಳಸಾಗಣೆಯ ಹಳೆಯ ನೌಕೆಯು ಈ ಕಲ್ಪನೆಯನ್ನು ಜಗತ್ತಿನ ಮಕ್ಕಳಿಗೆಲ್ಲ ಪರಿಚಯಿಸಿತು; ಆದರೆ ಅದರ ಸಾಹಿತ್ಯವು ಆ ಚಿತ್ರಕ್ಕಿಂತ ಮೂರು ದಶಕಗಳಷ್ಟು ಹಿಂದಿನದು.

ಇಂಥ ಸಾಹಿತ್ಯದ ಗುಣದೋಷಗಳನ್ನು ತೂಗಲು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ವಾಚಕರಿಗೆ ಯಾವ ಅಧಿಕಾರವಿದೆಯೆಂದು ಯಾರಾದರೂ ಕೇಳಬಹುದು. ಉತ್ತರವು ಸುಲಭವಾಗಿದೆ. ಘಟ್ಟದ ಮೇಲಿನ ಈ ಮೂರು ತಾಲೂಕುಗಳು ಶತಮಾನಗಳ ಕಾಲ ದೂರದ ಪೇಟೆಗೆ ಮಾಲು ಕಳಿಸಿದ ನಾಡು. ಸೋಂದೆಯ ಅರಸರ ಸೀಮೆಯ ಕಾಳುಮೆಣಸು ಹದಿನೇಳನೆಯ ಶತಮಾನದಲ್ಲಿ ಕಾರವಾರದ ಇಂಗ್ಲಿಷ್ ಕೋಠಿಯವರನ್ನು ಕರಾವಳಿಗೆ ಎಳೆದು ತಂದಿತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ತುಗೀಜರು ಮೆಣಸಿನ ರಾಣಿಯೆಂದೇ ಕರೆದರು. ಆ ಮೇಲೆ ಅಡಿಕೆ, ಏಲಕ್ಕಿ, ಮೆಣಸುಗಳ ಮೂಟೆಗಳು ಎತ್ತಿನ ಗಾಡಿಗಳಲ್ಲಿ ಶಿರಸಿಯಿಂದ ದೇವಿಮನೆ ಘಟ್ಟವನ್ನಿಳಿದು ಕುಮಟೆಗೆ, ಯಲ್ಲಾಪುರದಿಂದ ಅರಬೈಲು ಘಟ್ಟವನ್ನಿಳಿದು ಅಂಕೋಲೆಗೆ, ಸಿದ್ದಾಪುರದಿಂದ ಗೇರುಸೊಪ್ಪೆಯ ಕಡೆಗಿಳಿದು ಹೊನ್ನಾವರಕ್ಕೆ ಹೋಗುತ್ತಿದ್ದವು. ಅಲ್ಲಿ ಮಚವೆ, ಪತ್ತೇಮಾರಿಗಳು ಅವುಗಳನ್ನು ಹೊತ್ತು ಮುಂಬಯಿಗೆ ಹಾಯಿ ಬಿಚ್ಚುತ್ತಿದ್ದವು. ಒಬ್ಬ ಒಡೆಯ, ಒಬ್ಬ ತಾಂಡೇಲ, ಕೆಲವು ಖಲಾಸಿಗಳು, ಒಂದು ಹಾಯಿ, ಒಂದು ಸಾಲ—ನಕ್ಷತ್ರಲೋಕದ ಸ್ವತಂತ್ರ ವರ್ತಕನ ಚಿತ್ರವು ಇದೇ ಅಲ್ಲವೆ? ಆದುದರಿಂದ ಇಲ್ಲಿಯ ಓದುಗನಿಗೆ ಈ ಕತೆಗಳ ವಸ್ತುವು ವಿಚಿತ್ರವಾದುದಲ್ಲ. ವೇಷವು ಮಾತ್ರ ಹೊಸದು.

ಮೊದಲು ಗುಣಗಳನ್ನು ಹೇಳುವುದು ನ್ಯಾಯ. ಈ ಕತೆಗಳ ಪ್ರಥಮ ಗುಣವು ಅವುಗಳ ಲೆಕ್ಕದ ಪ್ರಾಮಾಣಿಕತೆ. ಯುದ್ಧದ ಕತೆಗಳಲ್ಲಿ ವೀರನಿಗೆ ಊಟವನ್ನು ಯಾರು ಕೊಟ್ಟರೆಂಬ ಪ್ರಶ್ನೆಯೇ ಏಳುವುದಿಲ್ಲ. ಇಲ್ಲಿಯಾದರೋ ನಾಯಕನ ಶತ್ರುವು ರಾಕ್ಷಸನಲ್ಲ, ತಿಂಗಳ ಕಂತು. ಇದರ ಅತ್ಯಂತ ಸ್ಪಷ್ಟವಾದ ರೂಪವು ಕಾದಂಬರಿಯಲ್ಲಿರದೆ ಒಂದು ಆಟದ ಪುಸ್ತಕದಲ್ಲಿದೆ. ಅಮೇರಿಕದ ಮಾರ್ಕ್ ಮಿಲ್ಲರ್ ಎಂಬವರು ರಚಿಸಿ 1977ರಲ್ಲಿ ಪ್ರಕಟವಾದ ‘ಟ್ರಾವೆಲರ್’ ಎಂಬ ಆಟದಲ್ಲಿ ಆಡುವವರೇ ಪಾತ್ರಧಾರಿಗಳಾಗಿ ಮಾತಿನಿಂದ ಕತೆಯನ್ನು ಬೆಳೆಸುತ್ತಾರೆ. ಒಂದು ರೀತಿಯಲ್ಲಿ ತಾಳಮದ್ದಳೆಯ ದೂರದ ಸಂಬಂಧಿಯೆನ್ನಬಹುದು. ಅದರ ನಿಯಮಗಳ ಪ್ರಕಾರ ಸ್ವತಂತ್ರ ವರ್ತಕನ 200 ಟನ್ನಿನ ನೌಕೆಯ ಬೆಲೆ 3,70,80,000 ನಾಣ್ಯ. ಐದರಲ್ಲೊಂದು ಭಾಗವನ್ನು ಮುಂಗಡವಾಗಿ ಕೊಟ್ಟು, ಬೆಲೆಯ 240ರಲ್ಲೊಂದು ಭಾಗವನ್ನು ತಿಂಗಳು ತಿಂಗಳಿಗೆ 480 ಕಂತುಗಳಲ್ಲಿ, ಅಂದರೆ ನಾಲ್ವತ್ತು ವರ್ಷಗಳವರೆಗೆ, ತೆರಬೇಕು. ಕಂತು 1,54,500. ಹಡಗಿನ ಉಗ್ರಾಣದಲ್ಲಿ 82 ಟನ್ ಸರಕು ಹಿಡಿಯುತ್ತದೆ. ಟನ್ನಿಗೆ ಬಾಡಿಗೆ 1,000. ತಿಂಗಳಿಗೆ ಎರಡು ಪ್ರಯಾಣ. ಎರಡು ಸಲವೂ ಉಗ್ರಾಣವು ತುಂಬಿದರೆ 1,64,000 ಬರುತ್ತದೆ. ಕಂತನ್ನು ಕಳೆದು ಉಳಿಯುವ 9,500ರಲ್ಲಿ ಇಂಧನ, ಸಂಬಳ, ಬಂದರಿನ ಸುಂಕ, ದುರಸ್ತಿ ಇವೆಲ್ಲ ಸಾಗಬೇಕು. ಸಾಗುವುದಿಲ್ಲ. ಪ್ರಯಾಣಿಕರನ್ನು ಹತ್ತಿಸಿಕೊಳ್ಳಬೇಕು, ಸ್ವಂತ ಹಣದಿಂದ ಸರಕನ್ನು ಕೊಂಡು ಮಾರಬೇಕು, ಇಲ್ಲವೆ ಕೇಳಬಾರದ ಸರಕನ್ನು ಕೇಳದೆ ಹೇರಿಕೊಳ್ಳಬೇಕು. ಸಾಹಸವೆಂಬುದು ಇಲ್ಲಿ ಚಪಲದಿಂದ ಹುಟ್ಟುವುದಿಲ್ಲ. ಜಮಾಖರ್ಚಿನ ಕೊನೆಯ ಸಾಲಿನಿಂದ ಹುಟ್ಟುತ್ತದೆ. ಕಥಾಕಾರಣವನ್ನು ಇಷ್ಟು ಚೊಕ್ಕಟವಾಗಿ ಒದಗಿಸಿದ ಶಾಸ್ತ್ರಗ್ರಂಥಗಳು ವಿರಳ.

ಕರಾವಳಿಯ ಬದುಕನ್ನು ಬಲ್ಲವರಿಗೆ ಈ ಲೆಕ್ಕದ ಸತ್ಯವು ತಟ್ಟನೆ ಹೊಳೆಯುತ್ತದೆ. ಮಚವೆಯ ಒಡೆಯನಿಗೆ ವರ್ಷವೆಂದರೆ ಹನ್ನೆರಡು ತಿಂಗಳಲ್ಲ. ಮಳೆಗಾಲ ಹಿಡಿಯಿತೆಂದರೆ ಬಂದರು ಮುಚ್ಚುತ್ತಿತ್ತು, ಮಚವೆಯು ದಡವೇರುತ್ತಿತ್ತು; ನೂಲ ಹುಣ್ಣಿಮೆಯಲ್ಲಿ ಸಮುದ್ರರಾಜನಿಗೆ ತೆಂಗಿನಕಾಯಿ ಅರ್ಪಿಸಿದ ತರುವಾಯವೇ ಮತ್ತೆ ನೀರಿಗಿಳಿಯುವ ಮಾತು. ಬಡ್ಡಿಗೆ ಮಾತ್ರ ಮಳೆಗಾಲವಿಲ್ಲ. ಹೋಗುವಾಗ ತುಂಬಿಕೊಂಡು ಹೋದವನು ಬರುವಾಗ ಬರಿದಾಗಿ ಬಂದರೆ ಗಳಿಸಿದ್ದು ಅರ್ಧವಾಗುತ್ತದೆಂಬ ಸಂಗತಿಯನ್ನು ಗಾಡಿಯವನೂ ತಿಳಿದಿದ್ದನು. ಅಡಿಕೆಯನ್ನಿಳಿಸಿದ ಗಾಡಿಯು ಸಾಣಿಕಟ್ಟೆಯ ಉಪ್ಪನ್ನೋ ಕರಾವಳಿಯ ತೆಂಗಿನಕಾಯಿಯನ್ನೋ ಹೇರಿಕೊಂಡೇ ಘಟ್ಟವೇರುತ್ತಿತ್ತು. ನಕ್ಷತ್ರನೌಕೆಯ ನಾಯಕನು ಮರುಪ್ರಯಾಣದ ಸರಕಿಗಾಗಿ ಬಂದರಿನಿಂದ ಬಂದರಿಗೆ ಅಲೆಯುವ ಪ್ರಸಂಗಗಳನ್ನು ಓದುವಾಗ ಇಲ್ಲಿಯ ಹಿರಿಯರು ನಗುವುದು ಪರಿಹಾಸದಿಂದಲ್ಲ, ಗುರುತಿನಿಂದ.

ಎರಡನೆಯ ಗುಣವು ಕುಟುಂಬದ ಚಿತ್ರಣ. ರಾಬರ್ಟ್ ಹೈನ್‌ಲೈನನ ‘ಸಿಟಿಜನ್ ಆಫ್ ದಿ ಗ್ಯಾಲಕ್ಸಿ’ (1957) ಎಂಬ ಕಾದಂಬರಿಯ ಆರಂಭವು ಜಬ್ಬಲ್‌ಪೋರ್ ಎಂಬ ನಗರದ ಗುಲಾಮರ ಪೇಟೆಯಲ್ಲಿ ಆಗುತ್ತದೆ. ಲೇಖಕನು ಹೆಸರನ್ನು ಭಾರತದ ಜಬಲಪುರದಿಂದ ಎರವು ಪಡೆದಿರುವುದು ಸ್ಪಷ್ಟ. ಅಲ್ಲಿ ಒಬ್ಬ ಭಿಕ್ಷುಕನು ಕೊಂಡು ಸಾಕಿದ ಥಾರ್ಬಿಯೆಂಬ ಹುಡುಗನು ಮುಂದೆ ‘ಸಿಸು’ ಎಂಬ ವರ್ತಕನೌಕೆಯನ್ನು ಸೇರುತ್ತಾನೆ. ಆ ನೌಕೆಯು ಒಂದು ಅವಿಭಕ್ತ ಕುಟುಂಬ. ನಾಯಕನು ಹಡಗನ್ನು ನಡೆಸಿದರೂ ಮಾತು ನಡೆಯುವುದು ಅಜ್ಜಿಯದು. ಪ್ರತಿಯೊಬ್ಬನಿಗೂ ಸ್ಥಾನವಿದೆ, ಪ್ರತಿಯೊಂದು ಸಂಬಂಧಕ್ಕೂ ಹೆಸರಿದೆ. ಹಡಗಿನ ಎಡಬಲಗಳ ಮೇರೆಗೆ ಜನರು ಎರಡು ಪಂಗಡವಾಗಿದ್ದು ಒಂದೇ ಪಂಗಡದೊಳಗೆ ಮದುವೆ ನಿಷಿದ್ಧ. ಸಗೋತ್ರವಿವಾಹದ ನಿಷೇಧವನ್ನರಿತ ಮನೆಗಳಲ್ಲಿ ಈ ಭಾಗಕ್ಕೆ ವ್ಯಾಖ್ಯಾನ ಬೇಕಾಗದು. ಮಾಟಾ ಎಂಬ ಹುಡುಗಿಗೆ ತನ್ನ ಪಂಗಡಕ್ಕೇ ದತ್ತಕನಾಗಿ ಬಂದ ಥಾರ್ಬಿಯ ಮೇಲೆ ಮನಸ್ಸಾಯಿತೆಂದು ತಿಳಿದೊಡನೆ ಹಿರಿಯರು ಅವಳನ್ನು ಬೇರೊಂದು ನೌಕೆಗೆ ಕೊಟ್ಟುಬಿಡುತ್ತಾರೆ. ಯಾರೂ ಗದರಿಸುವುದಿಲ್ಲ, ಯಾರೂ ಅಳುವುದಿಲ್ಲ, ಹುಡುಗಿ ಹೊರಟುಹೋಗುತ್ತಾಳೆ. ಆ ನೌಕೆಯಲ್ಲಿ ಅತಿಥಿಯಾಗಿದ್ದ ಒಬ್ಬ ವಿದ್ವಾಂಸೆಯು ಥಾರ್ಬಿಗೆ ಇದರ ಮರ್ಮವನ್ನು ಬಿಡಿಸಿ ಹೇಳುತ್ತಾಳೆ. ಈ ಜನರು ಲೋಕದಲ್ಲೆಲ್ಲ ಅತ್ಯಂತ ಸ್ವತಂತ್ರರೆಂದು ಹೆಮ್ಮೆಪಡುತ್ತಾರೆ. ಅದು ನಿಜವೂ ಹೌದು, ಆದರೆ ಸ್ವಾತಂತ್ರ್ಯವಿರುವುದು ಹಡಗಿಗೆ, ಒಳಗಿರುವ ಮನುಷ್ಯನಿಗಲ್ಲ ಎಂಬುದು ಅವಳ ಮಾತಿನ ತಾತ್ಪರ್ಯ. ಸ್ವತಂತ್ರ ವರ್ತಕನೆಂಬ ಬಿರುದಿನೊಳಗೆ ‘ಸ್ವತಂತ್ರರು ಯಾರು?’ ಎಂಬ ಪ್ರಶ್ನೆಯನ್ನಿಟ್ಟು ನೋಡಿದುದಕ್ಕಾಗಿ ಈ ಕಾದಂಬರಿಯು ಇಂಥ ಕತೆಗಳ ಸಾಲಿನಲ್ಲಿ ಎತ್ತರದ ಸ್ಥಾನಕ್ಕೆ ಅರ್ಹವಾಗಿದೆ.

ಸಿ. ಜೆ. ಚೆರ್ರಿಯವರ ‘ಮರ್ಚಂಟರ್ಸ್ ಲಕ್’ (1982) ಇದೇ ಚಿತ್ರದ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. ಅದರ ನಾಯಕ ಸ್ಯಾಂಡರನಿಗೆ ಕುಟುಂಬವೇ ಉಳಿದಿಲ್ಲ. ತನ್ನವರೆಲ್ಲ ಅಳಿದ ಮೇಲೆ ಹಳೆಯ ನೌಕೆಯೊಂದನ್ನು ಸುಳ್ಳು ಹೆಸರಿನಿಂದ, ಸುಳ್ಳು ಕಾಗದಪತ್ರಗಳಿಂದ, ಬಂದರಿನಿಂದ ಬಂದರಿಗೆ ಓಡಿಸುತ್ತಾನೆ. ಸತ್ತ ಅಣ್ಣನ ಧ್ವನಿಯು ಯಂತ್ರದಲ್ಲಿ ಉಳಿದಿದೆ. ಹಡಗಿನಲ್ಲಿ ಅವನಿಗೆ ಸಂಗಾತಿ ಅದೊಂದೇ. ದೊಡ್ಡ ಕುಟುಂಬದ ನೌಕೆಯವರು ಬಂದರಿಗೆ ಬಂದರೆ ಹೆಸರನ್ನು ಕೇಳಿಯೇ ಸಾಲ ಸಿಗುತ್ತದೆ; ಇವನನ್ನಾದರೋ ಪ್ರತಿಯೊಬ್ಬ ಕಾರಕೂನನೂ ಸಂಶಯದಿಂದ ನೋಡುತ್ತಾನೆ. ವ್ಯಾಪಾರದಲ್ಲಿ ಬಂಡವಾಳಕ್ಕಿಂತ ಮೊದಲು ಬೇಕಾದದ್ದು ಹೆಸರು ಎಂಬುದನ್ನು ಈ ಲೇಖಕಿಯಷ್ಟು ನೋವಿನಿಂದ ತೋರಿಸಿದವರು ಕಡಿಮೆ. ಮನೆತನದ ಹೆಸರನ್ನು ನೋಡಿ ಮುಂಗಡ ಕೊಡುವ ಪದ್ಧತಿಯನ್ನು ಬಲ್ಲವರಿಗೆ ಸ್ಯಾಂಡರನ ದೈನ್ಯವು ಅಪರಿಚಿತವಲ್ಲ.

ಮೂರನೆಯ ಗುಣವು ದೊಡ್ಡದರ ಎದುರಿನಲ್ಲಿ ಸಣ್ಣದರ ಸ್ಥಿತಿಯನ್ನು ಕಂಡ ಬಗೆ. ಆಂಡ್ರೆ ನಾರ್ಟನ್ ಎಂಬ ಲೇಖಕಿಯು ಆಂಡ್ರ್ಯೂ ನಾರ್ತ್ ಎಂಬ ಪುರುಷನಾಮದಿಂದ 1955ರಲ್ಲಿ ಪ್ರಕಟಿಸಿದ ‘ಸಾರ್ಗಾಸೋ ಆಫ್ ಸ್ಪೇಸ್’ ಈ ಮಾರ್ಗದ ಮೂಲಗ್ರಂಥಗಳಲ್ಲೊಂದು. ಡೇನ್ ಥಾರ್ಸನ್ ಎಂಬ ತರುಣನು ವಿದ್ಯಾಭ್ಯಾಸ ಮುಗಿಸಿ ಕೆಲಸಕ್ಕೆ ನಿಂತಾಗ ಯಂತ್ರವು ಅವನನ್ನು ಯಾವ ಕಂಪನಿಯ ನೌಕೆಗೂ ಕಳಿಸದೆ ‘ಸೋಲಾರ್ ಕ್ವೀನ್’ ಎಂಬ ಸಣ್ಣ ಸ್ವತಂತ್ರ ನೌಕೆಗೆ ಕಳಿಸುತ್ತದೆ. ಸಹಪಾಠಿಗಳು ನಗುತ್ತಾರೆ. ಆದರೆ ಆ ನೌಕೆಯಲ್ಲಿ ಉಗ್ರಾಣದ ಅಧಿಕಾರಿಯಿಂದ ಅಡಿಗೆಯವನವರೆಗೆ ಪ್ರತಿಯೊಬ್ಬನೂ ಹತ್ತು ಕೆಲಸ ಬಲ್ಲವನು, ಪ್ರತಿಯೊಬ್ಬನ ಮಾತಿಗೂ ಬೆಲೆಯಿದೆ. ಕಂಪನಿಗಳ ನೌಕೆಗಳು ಬಿಟ್ಟ ಎಂಜಲಿನಿಂದಲೇ ಇವರು ಬದುಕಬೇಕು. ಎಂಜಲಿನಲ್ಲಿಯೂ ಲಾಭ ಕಂಡಿತೆಂದರೆ ಕಂಪನಿಯು ಅದಕ್ಕೂ ಕೈಚಾಚುತ್ತದೆ.

ಇದು ಕಟ್ಟುಕತೆಯಲ್ಲ, ಈ ಜಿಲ್ಲೆಯ ಇತಿಹಾಸವೇ ಆಗಿದೆ. 1861ರಿಂದ 1865ರ ವರೆಗೆ ಅಮೇರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿಯು ಇಂಗ್ಲೆಂಡಿಗೆ ಬಾರದೆ ಹೋದಾಗ ಧಾರವಾಡದ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂದಿತು. ಅದು ಘಟ್ಟವನ್ನಿಳಿದು ಕುಮಟೆಯಲ್ಲಿ ಹಡಗನ್ನೇರುತ್ತಿದ್ದುದರಿಂದ ಮುಂಬಯಿಯ ಪೇಟೆಯಲ್ಲಿ ಅದಕ್ಕೆ ಬೆಳೆದ ನೆಲದ ಹೆಸರು ಬರದೆ ಬಂದರಿನ ಹೆಸರೇ ನಿಂತು ‘ಕುಮಟೆಯ ಹತ್ತಿ’ ಎಂದಾಯಿತು. 1862ರಲ್ಲಿ ಉತ್ತರ ಕನ್ನಡವು ಮದ್ರಾಸಿನಿಂದ ಮುಂಬಯಿ ಇಲಾಖೆಗೆ ಸೇರಿದುದರಲ್ಲಿ ಈ ಹತ್ತಿಯ ಪಾಲೂ ಇದೆ. ಆದರೆ 1880ರ ದಶಕದ ಕೊನೆಯಲ್ಲಿ ರೈಲುದಾರಿಯು ಮರ್ಮಗೋವೆಯನ್ನು ಮುಟ್ಟಿತು. ಹತ್ತಿಯ ಮೂಟೆಗಳು ಘಟ್ಟದ ಗಾಡಿದಾರಿಯನ್ನು ಬಿಟ್ಟು ಹಳಿಯನ್ನೇರಿದವು. ಕುಮಟೆಯ ವೈಭವವು ಇಳಿಯಿತು. ಆಗಬೋಟುಗಳು ದೊಡ್ಡ ಬಂದರುಗಳ ಸರಕನ್ನು ಸೆಳೆದುಕೊಂಡವು. ಮಚವೆಗಳಿಗೆ ಉಳಿದದ್ದು ತದಡಿ, ಗಂಗಾವಳಿಗಳಂಥ ಅಳಿವೆಗಳು, ಆಳವಿಲ್ಲದ ನೀರು, ಅವಸರವಿಲ್ಲದ ಸರಕು. ಆ ಉಳಿದ ಪಾಲಿನ ಮೇಲೆ ಅವು ಇನ್ನೂ ಅನೇಕ ದಶಕಗಳನ್ನು ದೂಡಿದವೆಂಬುದು ಸಣ್ಣ ಹಡಗಿನ ಸ್ಥೈರ್ಯಕ್ಕೆ ಸಾಕ್ಷಿ. ನಾರ್ಟನ್ ಬರೆದದ್ದು ನಕ್ಷತ್ರಗಳ ಹೆಸರಿನಿಂದ. ಅವಳು ಕಂಡ ಸತ್ಯವು ಅಳಿವೆಯ ನೀರಿನಲ್ಲಿಯೂ ಕಾಣುತ್ತಿತ್ತು.

ಇಷ್ಟು ಗುಣಗಳನ್ನು ಒಪ್ಪಿಕೊಂಡ ಬಳಿಕ ದೋಷದ ಮಾತು. ಈ ಕತೆಗಳೆಲ್ಲವೂ ಹಡಗಿನ ಅಟ್ಟದ ಮೇಲೆ ನಿಂತು ಬಂದರನ್ನು ನೋಡುತ್ತವೆ. ಬಂದರಿನಲ್ಲಿ ನಿಂತು ಹಡಗನ್ನು ನೋಡುವುದು ತೀರ ಅಪರೂಪ. ತಾಳಮದ್ದಳೆಯಲ್ಲಿ ಕೃಷ್ಣನ ಅರ್ಥವನ್ನು ಎಂಥ ಪ್ರೌಢನೇ ಹೇಳಲಿ, ಎದುರಿಗೆ ಕೌರವನ ಅರ್ಥಧಾರಿಯಿಲ್ಲದಿದ್ದರೆ ಸಂಧಾನದ ಪ್ರಸಂಗವು ನಡೆಯದು. ವ್ಯಾಪಾರವೂ ಒಂದು ಸಂಧಾನವೇ. ಕೊಳ್ಳುವವನಿರುವಂತೆ ಮಾರುವವನೂ ಇದ್ದಾನೆ. ಆ ಮೂಲೆಯ ಗ್ರಹದಲ್ಲಿ ಏನನ್ನೋ ಬೆಳೆದು, ಒಣಗಿಸಿ, ಮೂಟೆ ಕಟ್ಟಿ, ವರ್ಷಕ್ಕೊಮ್ಮೆ ಬರುವ ಒಂದೇ ಹಡಗಿಗಾಗಿ ಆಕಾಶವನ್ನು ನೋಡುತ್ತ ಕುಳಿತವನ ಅರ್ಥವನ್ನು ಹೇಳುವವರು ಯಾರು?

ನಾರ್ಟನ್ನಳ ಕಾದಂಬರಿಯ ಒಂದು ಮುಖ್ಯ ಪ್ರಸಂಗವನ್ನೇ ನೋಡಬಹುದು. ಹೊಸದಾಗಿ ಕಂಡುಹಿಡಿದ ಗ್ರಹಗಳ ವ್ಯಾಪಾರದ ಹಕ್ಕುಗಳನ್ನು ಲಿಲಾವು ಮಾಡುತ್ತಾರೆ. ಸೋಲಾರ್ ಕ್ವೀನಿನವರು ಕೈಯಲ್ಲಿದ್ದ ಹಣವನ್ನೆಲ್ಲ ಕೂಡಿಸಿ ‘ಲಿಂಬೋ’ ಎಂಬ ಗ್ರಹದ ಹಕ್ಕನ್ನು ಗೆದ್ದುಕೊಳ್ಳುತ್ತಾರೆ. ಓದುಗನ ಎದೆಯೂ ಅವರೊಂದಿಗೆ ಹೊಡೆದುಕೊಳ್ಳುತ್ತದೆ. ಬಡವರು ಗೆಲ್ಲಲೆಂದು ಹಾರೈಸುತ್ತದೆ. ಪ್ರಸಂಗವು ಸೊಗಸಾಗಿದೆ. ಆದರೆ ಒಂದು ಗ್ರಹದ ವ್ಯಾಪಾರವನ್ನು ಆ ಗ್ರಹದವರು ಯಾರೂ ಇಲ್ಲದ ಕೋಣೆಯಲ್ಲಿ ಮಾರುವುದು ಹೇಗೆಂಬ ಪ್ರಶ್ನೆಯು ಕತೆಯಲ್ಲಿ ಗಂಭೀರವಾಗಿ ಏಳುವುದಿಲ್ಲ. ಕನ್ನಡದ ಓದುಗನಿಗೆ ಏಳಬೇಕು. 1600ನೆಯ ಇಸವಿಯ ಕೊನೆಯ ದಿನ ಇಂಗ್ಲೆಂಡಿನ ರಾಣಿಯು ಒಂದು ಕಂಪನಿಗೆ ಪೂರ್ವದೇಶಗಳ ವ್ಯಾಪಾರದ ಏಕಸ್ವಾಮ್ಯವನ್ನು ಬರೆದುಕೊಟ್ಟಳು. ಆ ಸನದಿನ ವಿಷಯವನ್ನು ಮೆಣಸು ಬೆಳೆಯುವ ಯಾವ ತೋಟದಲ್ಲಿಯೂ ಯಾರೂ ಕೇಳಿರಲಿಲ್ಲ. ದೊಡ್ಡ ಕಂಪನಿಯು ಏಕಸ್ವಾಮ್ಯವನ್ನು ಪಡೆದರೆ ಅದನ್ನು ದಬ್ಬಾಳಿಕೆಯೆಂದು ಬರೆಯುವ ಲೇಖಕರು ಸಣ್ಣ ಹಡಗು ಅದೇ ಏಕಸ್ವಾಮ್ಯವನ್ನು ಪಡೆದರೆ ಅದನ್ನು ವಿಜಯವೆಂದು ಬರೆಯುತ್ತಾರೆ. ಬೆಳೆದವನ ಕಡೆಯಿಂದ ನೋಡಿದರೆ ಎರಡರಲ್ಲಿ ಭೇದವೇನು? ಕೊಳ್ಳುವವನು ಒಬ್ಬನೇ ಆಗಿರುವವರೆಗೆ ಅವನ ಹಡಗು ದೊಡ್ಡದಾದರೇನು, ಸಣ್ಣದಾದರೇನು?

ಈ ದೋಷವನ್ನು ಎಲ್ಲರಿಗಿಂತ ಮೊದಲು ಅರಿತವನು, ಅರಿತೂ ಅದನ್ನು ಬೇರೊಂದು ದಿಕ್ಕಿಗೆ ತಿರುಗಿಸಿದವನು ಐಸಾಕ್ ಆಸಿಮೋವ್. 1944ರಲ್ಲಿ ಮಾಸಪತ್ರಿಕೆಯೊಂದರಲ್ಲಿ ಬೇರೆ ಹೆಸರುಗಳಿಂದ ಬಂದು 1951ರಲ್ಲಿ ‘ಫೌಂಡೇಶನ್’ ಎಂಬ ಗ್ರಂಥದಲ್ಲಿ ಸೇರಿದ ಅವನ ಎರಡು ಕತೆಗಳು ವರ್ತಕರನ್ನು ಕುರಿತವು. ಎರಡನೆಯದರ ನಾಯಕ ಹೋಬರ್ ಮ್ಯಾಲೋ ಎಂಬವನು ಕೊರೆಲ್ ಎಂಬ ರಾಜ್ಯಕ್ಕೆ ಅಣುಶಕ್ತಿಯ ಗೃಹೋಪಯೋಗಿ ಸಾಮಾನುಗಳನ್ನೂ ಕಾರಖಾನೆಯ ಉಪಕರಣಗಳನ್ನೂ ಮಾರುತ್ತಾನೆ. ಮುಂದೆ ಯುದ್ಧ ಬಂದಾಗ ಅವನು ಕಾದುವುದೇ ಇಲ್ಲ, ಸರಕನ್ನು ನಿಲ್ಲಿಸುತ್ತಾನೆ. ಒಂದೊಂದಾಗಿ ಅಡಿಗೆಮನೆಯ ಯಂತ್ರಗಳು ನಿಲ್ಲುತ್ತವೆ, ಕಾರಖಾನೆಗಳು ನಿಲ್ಲುತ್ತವೆ; ಮೂರು ವರ್ಷಗಳಲ್ಲಿ ಕೊರೆಲ್ ಶರಣಾಗುತ್ತದೆ. ವ್ಯಾಪಾರವು ಸ್ನೇಹವನ್ನು ಮಾತ್ರ ಬೆಳೆಸುವುದಿಲ್ಲ, ಅವಲಂಬನವನ್ನೂ ಬೆಳೆಸುತ್ತದೆ ಎಂಬ ಸತ್ಯವನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಹೇಳಿದ ಕತೆ ವಿರಳ. ಆದರೆ ಆಸಿಮೋವನ ಒಲವು ಮ್ಯಾಲೋನ ಕಡೆಗೇ ಇದೆ. ಒಲೆಯಾರಿದ ಮನೆಯ ಗೃಹಿಣಿಯು ಕತೆಯಲ್ಲಿ ಒಂದು ವಾದದ ಅಂಶವಾಗಿ ಬರುತ್ತಾಳೆಯೇ ಹೊರತು ಒಬ್ಬ ಮನುಷ್ಯಳಾಗಿ ಬಾಗಿಲಿಗೆ ಬರುವುದಿಲ್ಲ.

ಶಿರಸಿಯ ಸೀಮೆಯ ತೋಟಿಗನಿಗೆ ಆ ಗೃಹಿಣಿಯ ಸ್ಥಿತಿಯು ಊಹೆಯ ವಿಷಯವಲ್ಲ. ಅಡಿಕೆಯು ಉಣ್ಣುವ ಪದಾರ್ಥವಲ್ಲ. ಮಾರದಿದ್ದರೆ ಅಟ್ಟದ ಮೇಲಿನ ಚಾಲಿಯಿಂದ ಹೊಟ್ಟೆ ತುಂಬದು. ಕೊನೆ ಕೊಯ್ಯುವ ಮೊದಲೇ ಮನೆಯ ಖರ್ಚಿಗೆ, ಮದುವೆ ಮುಂಜಿಗಳಿಗೆ ಸಾವಕಾರನಿಂದ ಮುಂಗಡ ತಂದವನು ಫಸಲನ್ನು ಅವನಿಗೇ ಹಾಕಬೇಕಾಗುತ್ತಿತ್ತು. ಮುಂಬಯಿಯ ಧಾರಣೆಯೇನೆಂಬುದು ವ್ಯಾಪಾರಿಗೆ ತಿಳಿದಿರುತ್ತಿತ್ತು, ತೋಟಿಗನಿಗೆ ತಿಳಿದಿರುತ್ತಿರಲಿಲ್ಲ. ಸಾವಕಾರರೆಲ್ಲರೂ ಕೆಟ್ಟವರೆಂದು ಹೇಳುವುದು ಸಲ್ಲದು. ಕಷ್ಟಕಾಲದಲ್ಲಿ ಮನೆಯನ್ನು ಕಾಯ್ದವರೂ ಅವರಲ್ಲಿ ಇದ್ದರು. ಪ್ರಶ್ನೆಯು ವ್ಯಕ್ತಿಯ ಒಳ್ಳೆಯತನದ್ದಲ್ಲ. ಒಬ್ಬನ ಕೈಯಲ್ಲಿ ಸಾಲ, ಸಾಗಣೆ, ಸುದ್ದಿ ಈ ಮೂರೂ ಕೂಡಿದಾಗ ಎದುರಿನವನಿಗೆ ಚೌಕಾಶಿಯ ಮಾತೇ ಉಳಿಯುವುದಿಲ್ಲ. ‘ಟ್ರಾವೆಲರ್’ ಆಟದ ನಿಯಮವನ್ನು ಇಲ್ಲಿ ಮತ್ತೆ ನೆನೆಯಬಹುದು. ಆ ಲೋಕದಲ್ಲಿ ಹಡಗಿಗಿಂತ ವೇಗವಾಗಿ ಯಾವ ಸುದ್ದಿಯೂ ಚಲಿಸದು. ಅಂಚೆಯನ್ನು ತರುವುದೂ ಹಡಗೇ. ಆದುದರಿಂದ ಹಡಗಿನಿಂದಿಳಿಯುವ ವರ್ತಕನು ಧಾರಣೆಯನ್ನು ತನ್ನ ನಾಲಗೆಯ ಮೇಲಿಟ್ಟುಕೊಂಡೇ ಇಳಿಯುತ್ತಾನೆ. ಆಡುವವರಿಗೆ ಇದು ಚಮತ್ಕಾರ. ಮೂಟೆಯ ಮೇಲೆ ಕುಳಿತವನಿಗೆ ಇದು ವರ್ಷದ ಅನ್ನ.

ಈ ಕಟ್ಟಿಗೆ ಉತ್ತರವು ಯಾವ ಉದಾರ ನಾಯಕನಿಂದಲೂ ಬರಲಿಲ್ಲ. 1923ರಲ್ಲಿ ತೋಟಿಗರು ತಾವೇ ಕೂಡಿ ಶಿರಸಿಯಲ್ಲಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯನ್ನು ಕಟ್ಟಿದರು. ಮಾಲು ಒಂದೇ ಅಂಗಳಕ್ಕೆ ಬರತಕ್ಕದ್ದು, ಕೊಳ್ಳುವವರು ಹಲವರು ಅಲ್ಲಿಗೆ ಬಂದು ಬೆಲೆ ಕೂಗತಕ್ಕದ್ದು, ಬೆಳೆದವನಿಗೆ ಧಾರಣೆಯು ತಿಳಿಯತಕ್ಕದ್ದು—ತತ್ತ್ವವು ಇಷ್ಟೇ. ಅರ್ಧ ಶತಮಾನದ ಬಳಿಕ, 1973ರಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊ ಸಂಸ್ಥೆಯು ಇದೇ ತತ್ತ್ವವನ್ನು ಇನ್ನೂ ವಿಸ್ತಾರವಾದ ಕ್ಷೇತ್ರದಲ್ಲಿ ಆಚರಣೆಗೆ ತಂದಿತು. ಇಂದು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಪೇಟೆಗಳಲ್ಲಿ ಅಡಿಕೆಯು ಟೆಂಡರಿನಿಂದ ಮಾರುತ್ತದೆ. ಆ ದಿನದ ಧಾರಣೆಯು ಸಂಜೆಯೊಳಗೆ ಮನೆಮನೆಗೆ ತಿಳಿಯುತ್ತದೆ. ಸಹಕಾರಕ್ಕೂ ತನ್ನ ದೋಷಗಳುಂಟು, ಧಾರಣೆಯು ಬೀಳುವ ವರ್ಷಗಳೂ ಉಂಟು. ಆದರೆ ಬೆಳೆದವನು ಸಂಧಾನದ ರಂಗದಲ್ಲಿ ಅರ್ಥಧಾರಿಯಾಗಿ ಕುಳಿತನೆಂಬುದು ಸಣ್ಣ ಮಾತಲ್ಲ. ಅಂತರಿಕ್ಷದ ಕತೆಗಳಲ್ಲಿ ವರ್ತಕರ ಕೂಟಗಳುಂಟು, ಕಂಪನಿಗಳ ಒಕ್ಕೂಟಗಳುಂಟು. ಮೂಲೆಯ ನಾಲ್ಕು ಗ್ರಹಗಳ ಬೆಳೆಗಾರರು ಕೂಡಿ ಒಂದು ಮಾರಾಟದ ಸಂಘವನ್ನು ಕಟ್ಟಿದರೆಂಬುದೇ ಕಥಾವಸ್ತುವಾದದ್ದು ಮಾತ್ರ ಈ ಪ್ರಸಿದ್ಧ ಗ್ರಂಥಗಳಲ್ಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಸಾಹಸದ ಕತೆಯಿಂದ ಸಹಕಾರಿ ಸಂಘದ ವರದಿಯನ್ನು ಅಪೇಕ್ಷಿಸುವುದು ಮಲ್ಲಿಗೆಯ ಬಳ್ಳಿಯಲ್ಲಿ ಹಲಸಿನಹಣ್ಣನ್ನು ಹುಡುಕಿದಂತಾಗದೆ? ಹಡಗಿನ ಕತೆಯು ಹಡಗಿನವರ ಕತೆಯಾಗಿಯೇ ಇರಲಿ ಎನ್ನುವವರಿದ್ದಾರೆ. ಆದರೆ ಎದುರು ಪಾತ್ರಕ್ಕೆ ಮಾತು ಕೊಟ್ಟರೆ ಸಾಹಸವು ಕುಗ್ಗದೆ ಹಿಗ್ಗುತ್ತದೆಂಬುದಕ್ಕೆ ನಾರ್ಟನ್ನಳೇ ಪ್ರಮಾಣ ಒದಗಿಸಿದ್ದಾಳೆ. ಅವಳ ‘ಪ್ಲೇಗ್ ಶಿಪ್’ (1956) ಎಂಬ ಮುಂದಿನ ಕಾದಂಬರಿಯಲ್ಲಿ ಸೋಲಾರ್ ಕ್ವೀನ್ ನೌಕೆಯು ಸಾರ್ಗೋಲ್ ಎಂಬ ಗ್ರಹಕ್ಕೆ ಅಮೂಲ್ಯವಾದ ಹರಳುಗಳಿಗಾಗಿ ಹೋಗುತ್ತದೆ. ಅಲ್ಲಿಯ ಮಾರ್ಜಾಲವಂಶದ ಜನರು ಸ್ವಾಭಿಮಾನಿಗಳು. ವರ್ತಕರು ತಂದ ಸರಕುಗಳನ್ನು ನೋಡಿ ಮುಖ ತಿರುಗಿಸುತ್ತಾರೆ, ದಿನಗಟ್ಟಲೆ ಕಾಯಿಸುತ್ತಾರೆ, ತಮ್ಮ ಮರ್ಯಾದೆಯ ಕ್ರಮಕ್ಕೆ ಸರಿಯಾಗಿ ಮಾತನಾಡದವನಿಗೆ ಹರಳನ್ನು ತೋರಿಸುವುದೂ ಇಲ್ಲ. ಕಡೆಗೆ ಬೆಕ್ಕುಗಳಿಗೆ ಪ್ರಿಯವಾದ ಭೂಮಿಯ ಒಂದು ಸುಗಂಧದ ಸೊಪ್ಪಿನ ಮೇಲೆ ಅವರಿಗೆ ಆಸೆ ಹುಟ್ಟಿದಾಗಲೇ ವ್ಯಾಪಾರವು ಕುದುರುತ್ತದೆ. ಆ ಅಧ್ಯಾಯಗಳು ಗ್ರಂಥದ ಅತ್ಯಂತ ಜೀವಂತವಾದ ಭಾಗ. ಅದಕ್ಕೆ ಕಾರಣವು ಸ್ಪಷ್ಟ: ಅಲ್ಲಿ ‘ಒಲ್ಲೆ’ ಎನ್ನಬಲ್ಲವನೊಬ್ಬನು ಎದುರಿಗೆ ನಿಂತಿದ್ದಾನೆ. ‘ಒಲ್ಲೆ’ ಎನ್ನುವ ಶಕ್ತಿ ಇಬ್ಬರಿಗೂ ಇದ್ದಾಗಲೇ ವ್ಯಾಪಾರವು ವ್ಯಾಪಾರ, ಕತೆಯು ಕತೆ.

ಇದರಿಂದ ಒಂದು ನಿರ್ಣಯಕ್ಕೆ ಬರಬಹುದು. ಸಣ್ಣ ವರ್ತಕನೌಕೆಯ ಕತೆಗಳು ಹಗುರವಾದ ಕಾಲಹರಣದ ಬರವಣಿಗೆಯಲ್ಲ. ಸಾಲವೇನು, ಹೆಸರೇನು, ಕುಟುಂಬವೇನು, ದೊಡ್ಡದರ ನೆರಳಿನಲ್ಲಿ ಸಣ್ಣದು ಬದುಕುವ ಬಗೆಯೇನು ಎಂಬುದನ್ನು ಅವು ಅನೇಕ ಗಂಭೀರ ಕಾದಂಬರಿಗಳಿಗಿಂತ ಚೆನ್ನಾಗಿ ಬಲ್ಲವು. ಅವುಗಳ ಕೊರತೆಯೆಂದರೆ ಸ್ವಾತಂತ್ರ್ಯವನ್ನು ಅವು ಹಡಗಿನ ಗುಣವೆಂದು ತಿಳಿದಿರುವುದು. ಸ್ವಾತಂತ್ರ್ಯವು ಹಡಗಿನ ಗುಣವೂ ಅಲ್ಲ, ನಾಯಕನ ಗುಣವೂ ಅಲ್ಲ. ಅದು ವ್ಯವಹಾರದ ಗುಣ. ಒಂದು ಕಡೆಯವನು ಕಟ್ಟಿಹಾಕಲ್ಪಟ್ಟಿದ್ದರೆ ಮತ್ತೊಂದು ಕಡೆಯವನ ಸ್ವಾತಂತ್ರ್ಯಕ್ಕೆ ಬೇರೆ ಹೆಸರಿದೆ. ಮೂಲೆಯ ಬಂದರಿಗೆ ಮೊದಲನೆಯ ಮಚವೆ ಬಂದ ದಿನ ಹಬ್ಬ, ಅದು ನಿಜ. ಆದರೆ ಬೆಳೆದವನು ನಿರಾಳವಾಗಿ ಉಸಿರಾಡುವುದು ಎರಡನೆಯ ಮಚವೆಯ ಹಾಯಿ ಕಂಡ ದಿನ.

ಕನ್ನಡದಲ್ಲಿ ರಾಜಶೇಖರ ಭೂಸನೂರಮಠ ಮೊದಲಾದವರಿಂದ ವಿಜ್ಞಾನಕಥೆಗೆ ಒಂದು ದಾರಿಯಾಗಿದೆ. ಈ ದಾರಿಯಲ್ಲಿ ನಡೆಯುವ ತರುಣ ಲೇಖಕರು ಘಟ್ಟದ ಮೇಲಿನವರಾಗಿದ್ದರೆ, ಪರಭಾಷೆಯ ನಾಯಕನನ್ನೂ ಅವನ ಹಳೆಯ ಯಂತ್ರವನ್ನೂ ಹಾಗೆಯೇ ತಂದು ಕನ್ನಡದ ಹೆಸರಿಡುವ ಕೆಲಸವು ಅವರಿಗೆ ತಕ್ಕುದಲ್ಲ. ಅವರ ಹಿರಿಯರು ಹಡಗಿನಲ್ಲಿ ಇರಲಿಲ್ಲ. ಹಡಗಿಗೆ ಮೂಟೆ ಕಳಿಸಿದವರಾಗಿದ್ದರು. ಮುಂಬಯಿಯ ಧಾರಣೆಯ ಕಾಗದವು ಬರುವವರೆಗೆ ಕಾದ ಮನೆಗಳ ನೆನಪು ಇನ್ನೂ ಆರಿಲ್ಲ. ಯಾವುದೋ ತಂಪಾದ ಗ್ರಹದ ಕಣಿವೆಯಲ್ಲಿ, ಫಸಲನ್ನು ಒಣಗಿಸಿಟ್ಟು, ಬರಬೇಕಾದ ನೌಕೆಯು ಈ ಸಲ ತಡಮಾಡಿತೆಂದು ದಿನವೆಣಿಸುವ ಒಂದು ಮನೆಯಿಂದ ಆ ಕತೆಯು ಆರಂಭವಾಗಲಿ. ನೌಕೆಯು ಬಂದೇ ಬರುತ್ತದೆ. ನಾಯಕನು ಇಳಿದು ಅಂಗಳಕ್ಕೆ ಬಂದು ಧಾರಣೆಯನ್ನು ಹೇಳುತ್ತಾನೆ. ಆಗ ಆ ಮನೆಯವರು ಏನು ಹೇಳುತ್ತಾರೆಂಬುದನ್ನು ಕೇಳುವ ಕುತೂಹಲವು ಎಂಬತ್ತು ವರ್ಷಗಳ ಈ ಸಾಹಿತ್ಯವನ್ನು ಓದಿದವರಿಗೆ ಇನ್ನೂ ತೀರದೆ ಉಳಿದಿದೆ.